ಅಮ್ಮನಿಗೆ ತಪ್ಪಾಗಿ ಓದಿದ ಪೋಸ್ಟರ್

ಈಗ ಅಂಥವುಗಳಿಗೆ ಸ್ವತಂತ್ರ ಚಿತ್ರ ಎನ್ನುತ್ತಾರೆ. ಆಗ ನಮಗೆ ಆ ಹೆಸರು ಗೊತ್ತಿರಲಿಲ್ಲ. ಗೊತ್ತಿದ್ದರೆ ನಗು ಬರುತ್ತಿತ್ತು. ಕ್ಯಾಮೆರಾ ಎರವಲಿನದು, ಭಾನುವಾರ ಸಂಜೆ ಆರರೊಳಗೆ ವಾಪಸ್ ಕೊಡಬೇಕು. ನಾಯಕ ಪೆರುಂಗುಡಿಯ ಕಂಪ್ಯೂಟರ್ ಕಂಪನಿಯೊಂದರ ಇಂಜಿನಿಯರ್, ವಾರದಲ್ಲಿ ಒಂದೇ ದಿನ ಅವನಿಗೆ ಬಿಡುವು. ನಿರ್ದೇಶಕ ನುಂಗಂಬಾಕ್ಕಂನ ಜಾಹೀರಾತು ಕಚೇರಿಯಲ್ಲಿ ಯಾರದೋ ಕೈಕೆಳಗೆ ದುಡಿಯುತ್ತಿದ್ದವನು. ಕಾಣೆಯಾಗುವ ಹುಡುಗಿ ನಾನು, ಮನೆಯಲ್ಲಿ ಸುಳ್ಳು ಹೇಳಿ ಬರುತ್ತಿದ್ದವಳು. ಇದರಲ್ಲಿ ಸ್ವತಂತ್ರರು ಯಾರು ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷ ಆಗಿತ್ತು. ಸಣ್ಣ ಟೇಪಿನ ಕ್ಯಾಮೆರಾಗಳು ಮದ್ರಾಸಿನಲ್ಲಿ ಕೈಯಿಂದ ಕೈಗೆ ಓಡಾಡತೊಡಗಿದ್ದವು. ಸ್ಟುಡಿಯೋಗಳಿರುವ ಕೋಡಂಬಾಕ್ಕಂ ಕಡೆ ತಲೆ ಹಾಕದವರೂ ಸಿನಿಮಾ ತೆಗೆಯಬಹುದು ಎಂಬ ಹುರುಪು ಎಲ್ಲರಿಗೂ ಬಂದಿತ್ತು. ಎಲ್ಲರ ಕಥೆಯೂ ಸುಮಾರಾಗಿ ಒಂದೇ. ದೊಡ್ಡ ಊರು, ಒಬ್ಬ ಹುಡುಗ, ಒಬ್ಬಳು ಹುಡುಗಿ, ನಡುವೆ ಒಂದು ಗುಟ್ಟು. ನಮ್ಮದರಲ್ಲಿ ಹುಡುಗ ದಿನಾ ಬಸ್ಸಿನಲ್ಲಿ ಒಬ್ಬಳನ್ನು ನೋಡುತ್ತಾನೆ, ಮಾತು ಬೆಳೆಯುತ್ತದೆ, ಪ್ರೀತಿಯಾಗುತ್ತದೆ. ಒಂದು ದಿನ ಅವಳು ಬರುವುದಿಲ್ಲ. ಹುಡುಕಹೊರಟಾಗ ಅವಳು ಹೇಳಿದ ಹೆಸರೇ ಸುಳ್ಳು ಎಂದು ತಿಳಿಯುತ್ತದೆ. ಅಲ್ಲಿಂದ ಮುಂದೆ ಸಿನಿಮಾ ಪೂರ್ತಿ ಅವನು ಹುಡುಕುವುದೇ.

ನಾನು ನುಂಗಂಬಾಕ್ಕಂನಲ್ಲಿ ವೀಸಾ ಅರ್ಜಿ ತುಂಬಿಕೊಡುವ ಒಂದು ಟ್ರಾವೆಲ್ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಕೆಳಗಿನ ಚಹಾ ಅಂಗಡಿಯಲ್ಲಿ ನಿರ್ದೇಶಕನ ಪರಿಚಯ. ನನ್ನ ರೂಪ ನೋಡಿ ಕರೆದನೆಂದು ನಾನು ಒಂದು ದಿನ ಪೂರ್ತಿ ಬೀಗಿದ್ದೆ. ಮರುದಿನ ಕಾರಣ ಕೇಳಿದರೆ ಅವನು ಹೇಳಿದ್ದು, "ಉನ್ ತಮಿಳ್ ಎಂದ ಊರ್‌ನೇ ತೆರಿಯಲೆ, ಅದಾನ್ ವೇಣುಂ." ನನ್ನ ತಮಿಳು ಯಾವ ಊರಿನದೆಂದೇ ತಿಳಿಯುವುದಿಲ್ಲವಂತೆ, ಅವನಿಗೆ ಬೇಕಾದದ್ದು ಅದೇ ಅಂತೆ. ಮನೆಯಲ್ಲಿ ತಿಪಟೂರಿನ ಕನ್ನಡ, ಬೀದಿಯಲ್ಲಿ ಮಾಧವರಂ ತಮಿಳು, ಎರಡೂ ಕೂಡಿ ಆದದ್ದು ಯಾವ ಊರಿಗೂ ಸೇರದ ಭಾಷೆ. ಕಾಣೆಯಾಗುವವಳಿಗೆ ಅದು ಹೇಳಿ ಮಾಡಿಸಿದಂತಿತ್ತು.

ಅಮ್ಮನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅಮ್ಮ ತಿಪಟೂರಿನ ಕಡೆಯವಳು, ಮದುವೆಯಾಗಿ ಮದ್ರಾಸಿಗೆ ಬಂದವಳು. ತರಕಾರಿಯವಳೊಂದಿಗೆ ತಮಿಳಿನಲ್ಲಿ ಚೌಕಾಸಿಗೆ ನಿಂತರೆ ತರಕಾರಿಯವಳೇ ಸೋಲಬೇಕು. ಆದರೆ ತಮಿಳು ಅಕ್ಷರ ಒಂದೂ ಬರುತ್ತಿರಲಿಲ್ಲ. ಬಸ್ಸನ್ನು ನಂಬರಿನಿಂದ, ಮಾತ್ರೆಯನ್ನು ಬಣ್ಣದಿಂದ ಗುರುತಿಸುತ್ತಿದ್ದಳು. ಹಾಗೆಂದು ಓದು ಬಾರದವಳಲ್ಲ. ಊರಿನಿಂದ ಅಂಚೆಯಲ್ಲಿ ಬರುತ್ತಿದ್ದ ಕನ್ನಡ ವಾರಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಜಾಹೀರಾತಿನವರೆಗೆ ಓದಿ ಮುಗಿಸುತ್ತಿದ್ದಳು. ಅದೇ ಪತ್ರಿಕೆ ಇಟ್ಟುಕೊಂಡು, ಸಾಲಿನ ಕೆಳಗೆ ಬೆರಳು ಓಡಿಸುತ್ತಾ ನನಗೆ ಕನ್ನಡ ಕಲಿಸಿದಳು. ನಾನು ಶಾಲೆಯಲ್ಲಿ ತಮಿಳು ಕಲಿತು ಬಂದ ಮೇಲೆ ಅದೇ ರೀತಿ ಬೆರಳಿಟ್ಟು ಅವಳಿಗೆ ಊರನ್ನೆಲ್ಲ ಓದಿ ಹೇಳಿದೆ. ರೇಷನ್ ಅಂಗಡಿಯ ಬೋರ್ಡು, ಕರೆಂಟಿನವರ ನೋಟೀಸು, ಬೀದಿಗೆ ನೀರು ಬಿಡುವ ಸಮಯ, ಎಲ್ಲದಕ್ಕೂ ನಾನೇ ಆಗಬೇಕು. ಅಪ್ಪ ರೈಲ್ವೆಯಲ್ಲಿ ಗಾರ್ಡು, ವಾರದಲ್ಲಿ ನಾಲ್ಕು ದಿನ ಮನೆಯಲ್ಲಿರುತ್ತಿರಲಿಲ್ಲ.

ಗೋಡೆಗಳೆಂದರೆ ಅಮ್ಮನಿಗೆ ವಿಶೇಷ ಕುತೂಹಲ. ಚಿತ್ರ ನೋಡಿಯೇ ಅರ್ಧ ತಿಳಿದುಕೊಳ್ಳುತ್ತಿದ್ದಳು. ಕೈಮುಗಿದವರು ಹತ್ತು ಜನ ಇದ್ದರೆ ರಾಜಕೀಯ, ಗಂಡು ಹೆಣ್ಣು ಜೋಡಿಯಾಗಿ ನಿಂತಿದ್ದರೆ ಮದುವೆ. ಒಬ್ಬರದೇ ಮುಖ, ಕಪ್ಪು ಬಿಳುಪು, ಮೇಲೊಂದು ದಪ್ಪ ಸಾಲು ಇದ್ದರೆ ಅದು 'ಕಣ್ಣೀರ್ ಅಂಜಲಿ', ಅಂದರೆ ಸತ್ತವರ ಪೋಸ್ಟರು. ಆ ಊರಿನಲ್ಲಿ ಒಬ್ಬರು ಹೋದರೆ ಹೆಣ ಎತ್ತುವುದರೊಳಗೆ ಬೀದಿ ತುಂಬ ಅವರ ಮುಖ ಅಂಟಿರುತ್ತದೆ. ಅಮ್ಮ ಅಂಥದ್ದು ಕಂಡಲ್ಲೆಲ್ಲ ನಿಂತು, "ಯಾರಂತೆ ನೋಡೇ, ವಯಸ್ಸೆಷ್ಟು ಪೋಟಿದಾರೆ" ಎಂದು ಕೇಳುವಳು. 'ಪೋಟಿದಾರೆ' ಎಂದರೆ ಹಾಕಿದ್ದಾರೆ, ಅವಳ ಕನ್ನಡದಲ್ಲಿ ಬೆರೆತುಹೋದ ತಮಿಳು. ನಾನು ಓದುವೆ. ಅವಳು ಶಿವ ಶಿವ ಎಂದು ಮುಂದೆ ಹೋಗುವಳು.

ಇಂಥವಳಿಗೆ ನಾನು ನಾಲ್ಕು ತಿಂಗಳು ಸುಳ್ಳು ಹೇಳಿದೆ. ಭಾನುವಾರ ಕಂಪ್ಯೂಟರ್ ಕ್ಲಾಸು ಎಂದೆ. ಅಮ್ಮ ಕನ್ನಡದಲ್ಲಿ ಕೇಳುತ್ತಿದ್ದಳು, ನಾನು ಚಿಕ್ಕಂದಿನಿಂದಲೂ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದವಳು. ಸುಳ್ಳು ಹೇಳುವಾಗ ಮಾತ್ರ ಒಳ್ಳೆಯ ಕನ್ನಡದಲ್ಲಿ ಹೇಳುತ್ತಿದ್ದೆ. ಮಗಳ ಬಾಯಲ್ಲಿ ಕನ್ನಡ ಬಂತೆಂದು ಅವಳಿಗೆ ಖುಷಿ, ಆ ಖುಷಿಯಲ್ಲಿ ಉಳಿದದ್ದು ಕಾಣುತ್ತಿರಲಿಲ್ಲ. ಇದನ್ನು ನಾನು ಬೇಕೆಂದೇ ಮಾಡುತ್ತಿದ್ದೆ, ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಸಿನಿಮಾ ಎಂದು ಗೊತ್ತಾದರೆ ಬೈಗುಳ ಬೀಳುತ್ತದೆ, ಅದೇನು ದೊಡ್ಡದಲ್ಲ. ತುಮಕೂರಿನ ಕಡೆಯಿಂದ ಬಂದಿದ್ದ ಒಂದು ಸಂಬಂಧ ತಪ್ಪಬಹುದು, ಅದು ತಪ್ಪಿದರೆ ನನಗೆ ಬೇಜಾರೂ ಇರಲಿಲ್ಲ. ಭಯ ಬೇರೆಯದು. ನಾನು ಓದಿ ಹೇಳಿದ್ದನ್ನು ಅಮ್ಮ ಒಂದು ದಿನವೂ ಇನ್ನೊಬ್ಬರ ಹತ್ತಿರ ವಿಚಾರಿಸಿದವಳಲ್ಲ. ಆ ನಂಬಿಕೆ ಹೋದರೆ ಎಂಬುದೇ ಆ ಭಯ. ಶೂಟಿಂಗಿನಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತು ನಗಬೇಕಾದಾಗಲೂ ಹೊರಗೆ ಪರಿಚಯದವರು ಯಾರಾದರೂ ನಿಂತಿದ್ದಾರೆಯೇ ಎಂದು ಹುಡುಕುತ್ತಿದ್ದೆ. "ಈ ಹುಡುಗಿ ಏನನ್ನೋ ಮುಚ್ಚಿಡ್ತಿದಾಳೆ ಅನ್ನೋದು ಕಣ್ಣಲ್ಲೇ ಕಾಣುತ್ತೆ" ಎಂದು ನಿರ್ದೇಶಕ ತಮಿಳಿನಲ್ಲಿ ಹೊಗಳಿದ. ನಟನೆ ಎಂದುಕೊಂಡಿದ್ದ ಪಾಪ.

ನನ್ನ ಭಾಗ ಮುಗಿಯಿತು. ಕಾಣೆಯಾದವಳಿಗೆ ಅಷ್ಟಾಗಿ ಕೆಲಸವಿರುವುದಿಲ್ಲ. ಇನ್ನು ಬಚಾವಾದೆ ಎಂದು ಉಸಿರು ಬಿಟ್ಟೆ. ನಾಯಕ ಪೋಸ್ಟರ್ ಅಂಟಿಸುವ ದೃಶ್ಯಕ್ಕೆ ಒಂದು ಫೋಟೋ ಕೇಳಿದರು, ತುಮಕೂರಿನ ಹುಡುಗನ ಮನೆಯವರಿಗೆ ಕಳಿಸಲೆಂದು ಸ್ಟುಡಿಯೋದಲ್ಲಿ ತೆಗೆಸಿದ್ದರ ಒಂದು ಪ್ರತಿ ಕೊಟ್ಟೆ. ನೀನು ನಿಜವಾಗಿ ಬರುವ ಬಸ್ಸು ಯಾವುದು, ದಾರಿಯಲ್ಲಿ ಯಾವ್ಯಾವ ಸ್ಟಾಪು ಎಂದು ಕೇಳಿದರು, ಅದನ್ನೂ ಮಾಧವರಂನ ಹಾಲಿನ ಡೈರಿಯ ಹತ್ತಿರವಿರುವ ನಮ್ಮ ಸ್ಟಾಪಿನಿಂದ ಹಿಡಿದು ಒಂದೊಂದಾಗಿ ಬರೆದುಕೊಟ್ಟೆ. ಯಾಕೆ ಕೇಳುತ್ತಿದ್ದಾರೆಂದು ಯೋಚಿಸುವಷ್ಟು ಬುದ್ಧಿ ನನಗೆ ಇರಲಿಲ್ಲ.

ಒಂದು ಸೋಮವಾರ ಹತ್ತೂವರೆಗೆ ಆಫೀಸಿಗೆ ನಿರ್ದೇಶಕನ ಫೋನು ಬಂತು. ಹಿಂದಿನ ದಿನ ಬೆಳಗಾಗುತ್ತಲೇ ಶೂಟಿಂಗ್ ಮುಗಿಸಿದರಂತೆ. ಕಥೆಯ ಹುಡುಗ ಅವಳ ಬಸ್ಸಿನ ದಾರಿ ಹಿಡಿದು ಹುಡುಕುವವನಲ್ಲವೇ, ಹಾಗಾಗಿ ನಾನು ಬರೆದುಕೊಟ್ಟ ದಾರಿಯಲ್ಲೇ ಗೋಡೆಗೋಡೆಗೆ ಅಂಟಿಸುತ್ತಾ ಹೋದರಂತೆ. "ನಿಮ್ಮ ಡೈರಿ ಸ್ಟಾಪಿನ ಹತ್ತಿರ ಬೆಳಕು ಅದ್ಭುತವಾಗಿತ್ತು" ಎಂದ.

ಕಿತ್ತಿರಾ ಎಂದು ಕೇಳಿದೆ. ಯಾವುದನ್ನು ಎಂದು ಅವನು ಕೇಳಿದ. ಪೋಸ್ಟರುಗಳನ್ನು ಎಂದೆ. ಅವನು ಅಯ್ಯೋ ಎಂದ. ಅಷ್ಟರಲ್ಲಿ ನನಗೆ ಗೊತ್ತಾಗಿಹೋಯಿತು.

ಸೋಮವಾರ. ಅಮ್ಮ ಸೋಮವಾರ ತಪ್ಪದೆ ಶಿವನ ಗುಡಿಗೆ ಹೋಗುವವಳು. ಹೋಗುವುದು ಡೈರಿ ಸ್ಟಾಪಿನ ಮುಂದೆಯೇ. ಮ್ಯಾನೇಜರ್ ಬಳಿ ಹೋಗಿ ಅಮ್ಮನಿಗೆ ಹುಷಾರಿಲ್ಲ ಎಂದೆ. ಮೆಟ್ಟಿಲು ಇಳಿಯುವಾಗ, ಅದನ್ನೇ ಯಾಕೆ ಹೇಳಿದೆ, ಬೇರೇನಾದರೂ ಹೇಳಬಹುದಿತ್ತಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಬಸ್ಸು ಹತ್ತಿದ ಮೇಲೆ ನನ್ನ ಮುಖ ಕಾಣತೊಡಗಿತು. ಅಂಟಿಸಿದ್ದೆಲ್ಲ ಮನೆಗೆ ಹಿಂದಿರುಗುವ ಬದಿಯ ಗೋಡೆಗಳಿಗೆ, ಬೆಳಗ್ಗೆ ಆಚೆ ಬದಿಯಲ್ಲಿ ತುಂಬಿದ ಬಸ್ಸಿನೊಳಗೆ ನಿಂತು ಬಂದವಳಿಗೆ ಒಂದೂ ಕಂಡಿರಲಿಲ್ಲ. ಪುರಸೈವಾಕ್ಕಂ ದಾಟಿದಾಗ ಒಂದು ಕಾಂಪೌಂಡಿನ ಮೇಲೆ ಎರಡು, ಪೆರಂಬೂರಿನ ಸೇತುವೆ ಬುಡದಲ್ಲಿ ನಾಲ್ಕು. 'ಕಾಣವಿಲ್ಲೈ', ಅಂದರೆ ಕಾಣೆಯಾಗಿದ್ದಾಳೆ ಎಂದು ದಪ್ಪಕ್ಷರ, ಕೆಳಗೆ ಕಪ್ಪು ಬಿಳುಪಿನಲ್ಲಿ ಮದುವೆಗೆಂದು ತೆಗೆಸಿದ್ದ ನನ್ನ ನಗು. ನನಗೆ ಪ್ರತಿಯೊಂದು ಸ್ಟಾಪಿನಲ್ಲೂ ಇಳಿದು ಕೀಳಬೇಕೆನ್ನಿಸುತ್ತಿತ್ತು, ಇಳಿದರೆ ತಡವಾಗುತ್ತದೆ. ಗುಡಿಗೆ ಅಮ್ಮ ಹೊರಡುವುದು ಹತ್ತಕ್ಕೆ, ಹೊರಟಾಗಿದೆ ಎಂದು ಗೊತ್ತಿದ್ದೂ ಇವತ್ತು ಮಂಡಿನೋವು ಬಂದಿರಲಿ, ಗ್ಯಾಸ್ ಸಿಲಿಂಡರಿನವನು ಬಂದಿರಲಿ ಎಂದು ಬೇಡಿಕೊಳ್ಳುತ್ತಾ ಕೂತೆ.

ಪಕ್ಕದಲ್ಲಿ ಮಲ್ಲಿಗೆ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಕಿಟಕಿಯಾಚೆ ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಆಮೇಲೆ ಮೆಲ್ಲಗೆ, "ಎಮ್ಮಾ, ಉನ್ನೆ ವೀಟ್ಲ ತೇಡ್ರಾಂಗ, ತೆರಿಯುಮಾ" ಎಂದಳು. ನಿನ್ನನ್ನು ಮನೆಯಲ್ಲಿ ಹುಡುಕುತ್ತಿದ್ದಾರೆ, ಗೊತ್ತಾ ಎಂದು. ಅದು ನಾನಲ್ಲ ಎಂದೆ. ಅವಳು ನಂಬಲಿಲ್ಲ. ಯಾರ ಜೊತೆ ಹೋಗಿದ್ದರೂ ಪರವಾಗಿಲ್ಲ, ಮನೆಗೆ ಹೋಗು, ತಾಯಿಯ ಹೊಟ್ಟೆ ಉರಿಸಬೇಡ ಎಂದು ನನ್ನ ಮೊಣಕೈ ಹಿಡಿದುಕೊಂಡಳು. ಮನೆಗೇ ಹೋಗುತ್ತಿದ್ದೇನೆ ಎಂದೆ. ಅವತ್ತು ಬೆಳಗಿನಿಂದ ನಾನು ಆಡಿದ ಒಂದೇ ನಿಜ ಅದು. ಮೂಲಕಡೈಯಲ್ಲಿ ಅವಳು ಇಳಿಯುವವರೆಗೂ ಕೈ ಬಿಡಲಿಲ್ಲ.

ಡೈರಿ ಸ್ಟಾಪಿನಲ್ಲಿ ಓಡುತ್ತಾ ಇಳಿದೆ. ಗೋಡೆಯ ಮೇಲೆ ಮೂರು ಪೋಸ್ಟರ್ ಸಾಲಾಗಿದ್ದವು. ನಾಲ್ಕನೆಯದರ ಜಾಗದಲ್ಲಿ ಗೋಂದಿನ ಗುರುತು, ಒಂದು ಮೂಲೆಯಲ್ಲಿ ಹರಿದ ಕಾಗದ. ಯಾರೋ ಉಗುರು ಹಾಕಿ ಜೋಪಾನವಾಗಿ ಬಿಡಿಸಿದ್ದರು. ಹಸು ತಿಂದಿರಬಹುದು ಎಂದು ಮನಸ್ಸಿಗೆ ಹೇಳಿಕೊಂಡೆ. ಹಸು ಅಷ್ಟು ಜೋಪಾನವಾಗಿ ತಿನ್ನುವುದಿಲ್ಲ.

ಬಾಗಿಲು ತೆರೆದೇ ಇತ್ತು. ಅಮ್ಮ ನಡುಮನೆಯಲ್ಲಿ ನೆಲದ ಮೇಲೆ ಕೂತಿದ್ದಳು, ಗುಡಿಗೆಂದು ಒಯ್ದ ಹೂವು ಹಣ್ಣಿನ ಚೀಲ ಹಾಗೆಯೇ ಪಕ್ಕದಲ್ಲಿತ್ತು. ನನ್ನನ್ನು ನೋಡಿದಳು. ಏಳಲಿಲ್ಲ, ಅಳಲಿಲ್ಲ. ಕೈ ಚಾಚಿ ನನ್ನ ಪಾದ ಮುಟ್ಟಿದಳು, ಬೆರಳಿಂದ ಒತ್ತಿ ನೋಡಿದಳು. ಆಮೇಲೆ ಮಡಿಲಿನಿಂದ ಪೋಸ್ಟರ್ ತೆಗೆದು ನೆಲದ ಮೇಲೆ ಹರಡಿದಳು.

"ಓದು," ಎಂದಳು.

ಆ ಗಳಿಗೆಯಲ್ಲಿ ನಿಜ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅದು ನನಗೆ ಎಷ್ಟು ಸಲ ಅನ್ನಿಸಿದೆಯೋ ಲೆಕ್ಕವಿಲ್ಲ. ಆದರೆ ಅಮ್ಮನಿಗೆ ಈ ಅಕ್ಷರ ಬರುವುದಿಲ್ಲ ಎಂಬುದು ಅವತ್ತು ನನ್ನ ತಲೆಗೆ ಒಂದು ಉಪಾಯದ ಹಾಗೆ ಹೊಳೆಯಿತು. ಅಷ್ಟು ವರ್ಷ ಅವಳಿಗಾಗಿ ಓದಿದವಳಿಗೆ ಮೊದಲ ಬಾರಿ ಹಾಗೆ ಹೊಳೆದದ್ದು.

"ಕಂಪ್ಯೂಟರ್ ಕ್ಲಾಸಿನವರದ್ದಮ್ಮ, ಪರೀಕ್ಷೆಯಲ್ಲಿ ನಾನೇ ಮೊದಲು ಬಂದಿದ್ದೀನಿ. ಅದಕ್ಕೆ ಹಾಕಿದ್ದಾರೆ," ಎಂದೆ. ಒಳ್ಳೆಯ ಕನ್ನಡದಲ್ಲಿ.

"ಹಂಗಲ್ಲ. ಬೆರಳಿಟ್ಟು ಓದು."

ಕೂತೆ. ಬೆರಳಿಟ್ಟೆ. ಅಮ್ಮನಿಗೆ ತಮಿಳು ಕೇಳಿದರೆ ಚೆನ್ನಾಗಿ ತಿಳಿಯುತ್ತದೆ, ಆದ್ದರಿಂದ ಸುಳ್ಳನ್ನು ತಮಿಳಿನಲ್ಲೇ ಕಟ್ಟಬೇಕು, ಸಾಲಿನ ಉದ್ದಕ್ಕೂ ಸರಿಹೊಂದಬೇಕು. 'ಕಾಣವಿಲ್ಲೈ' ಎಂಬುದರ ಕೆಳಗೆ ಬೆರಳು ಓಡಿಸಿ "ವಾಳ್ತುಕ್ಕಳ್" ಎಂದೆ. ಶುಭಾಶಯಗಳು ಎಂದು.

"ಮದ್ವೆ ಪೋಸ್ಟರಲ್ಲಿ ಇರುತ್ತಲ್ಲ, ಅದಾ?"

"ಹೂಂ."

"ಅದು ಇಷ್ಟು ಗಿಡ್ಡ ಇರಲ್ಲ ಕಣೇ," ಎಂದಳು. ಅಕ್ಷರ ಬಾರದಿದ್ದರೂ ಅದರ ಆಕಾರ ಅವಳಿಗೆ ನೆನಪಿತ್ತು. ಚಿಕ್ಕದಾಗಿ ಬರೆದಿದ್ದಾರೆ ಎಂದು ಬೆರಳನ್ನು ಬೇಗ ಕೆಳಗಿಳಿಸಿದೆ. ಅಲ್ಲಿ ವಯಸ್ಸು ಇತ್ತು. ಅಂಕಿ ಅಮ್ಮನಿಗೆ ಬರುತ್ತದೆ.

"ಇಪ್ಪತ್ತೊಂದು ಅಂತ ಪೋಟಿದಾರೆ?"

"ಕ್ಲಾಸಿನಲ್ಲಿ ಅಷ್ಟು ಜನ ಇದ್ದೀವಿ."

ಎತ್ತರ ಹೇಳುವ ಸಾಲನ್ನು ಅಂಕಪಟ್ಟಿ ಮಾಡಿದೆ. ಹಸಿರು ಚೂಡಿದಾರ ತೊಟ್ಟಿದ್ದಳು ಎಂಬುದನ್ನು ಶಿಕ್ಷಕರ ಆಶೀರ್ವಾದ ಮಾಡಿದೆ. ಬೆವರು ಕಾಗದದ ಮೇಲೆ ಬೀಳುತ್ತದೆಂದು ಹೆದರಿ ಹಿಂದೆ ಸರಿದೆ. ಕೊನೆಯ ಸಾಲಿನಲ್ಲಿ ಫೋನ್ ನಂಬರು. ನಾಯಕನ ಮನೆಯದು. ಕ್ಲಾಸಿನವರ ನಂಬರು ಎಂದೆ.

ಅಮ್ಮನ ಮುಖ ಸಡಿಲವಾಯಿತು. ಅಲ್ಲಿಯವರೆಗೆ ಅದು ಎಷ್ಟು ಬಿಗಿದುಕೊಂಡಿತ್ತೆಂದು ಆಗಲೇ ನನಗೆ ಕಂಡದ್ದು. ಸೆರಗಿನಿಂದ ಕಣ್ಣು ಒರೆಸಿಕೊಂಡು ಎದ್ದಳು. "ಒಳ್ಳೇ ಜನ. ಪಕ್ಕತ್ ಮನೇಲಿ ಫೋನ್ ಇದೆಯಲ್ಲ, ಬಾ, ಒಂದ್ ಮಾತು ಹೇಳ್ಬಿಡೋಣ ಅವ್ರಿಗೆ. ನನ್ ಮಗಳನ್ನ ಇಷ್ಟ್ ದೊಡ್ಡದಾಗಿ ಹಾಕಿದಾರೆ," ಎಂದು ಪೋಸ್ಟರ್ ಮಡಿಸಿಕೊಂಡು ಬಾಗಿಲ ಕಡೆ ಹೊರಟಳು. ಪಕ್ಕದ ಮನೆಯವರು ತಮಿಳರು. ಅವರ ಕೈಗೆ ಅದು ಹೋದ ಕೂಡಲೇ ಓದುತ್ತಾರೆ.

"ಅಮ್ಮ, ಅದು ಸಿನಿಮಾ," ಎಂದೆ.

ನಿಂತಳು. ಎಲ್ಲವನ್ನೂ ಹೇಳಿದೆ, ಭಾನುವಾರಗಳು, ಬಸ್ಸು, ಕಾಣೆಯಾಗುವ ಹುಡುಗಿ, ಮರೆತುಹೋದ ಪೋಸ್ಟರು. ಈಗ ತಮಿಳಿನಲ್ಲಿ ಹೇಳುತ್ತಿದ್ದೆ, ತಡವರಿಸುತ್ತಾ. ಅಮ್ಮ ಮುಗಿದ ಮೇಲೆ ಪೋಸ್ಟರ್ ಬಿಡಿಸಿ ಮತ್ತೆ ಒಮ್ಮೆ ನೋಡಿದಳು.

"ನಾನ್ ಇದನ್ನ ಸತ್ತೋರ ಪೋಸ್ಟರ್ ಅಂದ್ಕೊಂಡೆ," ಎಂದಳು. "ನೀನ್ ಹೋಗಿ ಎರಡ್ ಗಂಟೆ ಆಗಿತ್ತು. ಎರಡ್ ಗಂಟೇಲಿ ಅಚ್ಚು ಹಾಕ್ತಾರಾ ಅಂತ ಲೆಕ್ಕ ಹಾಕ್ತಾ ನಿಂತಿದ್ದೆ. ಹಾಕ್ತಾರೆ ಈ ಊರಲ್ಲಿ. ಸ್ಟಾಪಲ್ಲಿ ಎಷ್ಟೊಂದ್ ಜನ ಇದ್ರು, ಯಾರನ್ನೂ ಕೇಳ್ಲಿಲ್ಲ. ನೀನ್ ಬಂದು ಓದ್ತೀಯ, ನೀನ್ ಓದಿದ್ರೆ ಸುಳ್ಳಾಗತ್ತೆ ಅಂತ ಎತ್ಕೊಂಡ್ ಬಂದೆ."

ನಾನು ಸತ್ತಿದ್ದೇನೆಂಬ ಸುದ್ದಿಯನ್ನು ನಾನೇ ಓದಿ ಹೇಳಲಿ ಎಂದು ಅವಳು ಕಾದು ಕೂತಿದ್ದಳು. ಇದರಲ್ಲಿ ಅರ್ಥವಿಲ್ಲ ಎಂದು ಯಾರು ಬೇಕಾದರೂ ಹೇಳಬಹುದು. ನನಗೆ ಹೇಳಲಾಗಲಿಲ್ಲ.

"ಸಿನಿಮಾ ವಿಷಯ ನಿಮ್ಮಪ್ಪಂಗೆ ನೀನೇ ಹೇಳ್ಕೊ," ಎಂದಳು. "ಅದಲ್ಲ ನಂಗೆ. ಬೆರಳಿಟ್ಟು ತಪ್ಪಾಗಿ ಓದ್ದ್ಯಲ್ಲ."

ಅಪ್ಪ ನಾಲ್ಕು ದಿನ ಮಾತು ಬಿಟ್ಟರು, ಐದನೆಯ ದಿನ ಕಾಫಿ ಕೇಳಿದರು. ತುಮಕೂರಿನ ಸಂಬಂಧ ಬೇರೇನೋ ಕಾರಣಕ್ಕೆ ಮುರಿಯಿತು. ಮುಂದಿನ ಭಾನುವಾರ ನಿರ್ದೇಶಕ, ನಾಯಕ, ನಾನು ಮೂವರೂ ಬಕೆಟ್ಟು ಹಿಡಿದು ಗೋಡೆ ಗೋಡೆ ಕೆರೆದೆವು. ಇಷ್ಟೇ ಆಗಿದ್ದರೆ ನಗುತ್ತಾ ಹೇಳಿಕೊಳ್ಳುವ ಕಥೆಯಾಗುತ್ತಿತ್ತು.

ಅಮ್ಮ ನನ್ನಿಂದ ಓದಿಸುವುದನ್ನು ನಿಲ್ಲಿಸಿದಳು. ಕೋಪದಿಂದಲ್ಲ. ಊಟ ಹಾಕುತ್ತಿದ್ದಳು, ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ವಾರಪತ್ರಿಕೆಯ ಧಾರಾವಾಹಿಯಲ್ಲಿ ಏನಾಯಿತೆಂದು ಹೇಳುತ್ತಿದ್ದಳು. ಆದರೆ ರೇಷನ್ ಅಂಗಡಿಯ ಬೋರ್ಡನ್ನು ಹಿಂದೆ ನಿಂತವರ ಹತ್ತಿರ ಕೇಳುತ್ತಿದ್ದಳು. ಔಷಧಿ ಅಂಗಡಿಯಲ್ಲಿ ನಾನು ಚೀಟಿಗೆ ಕೈ ಚಾಚಿದರೆ ಅದನ್ನು ಅಂಗಡಿಯವನ ಕೈಗೇ ಕೊಡುತ್ತಿದ್ದಳು. ಕರೆಂಟಿನವರ ನೋಟೀಸು ಬಂದಾಗ ನಾನು ಮನೆಯಲ್ಲೇ ಇದ್ದೆ, ಅಪ್ಪ ಬರುವವರೆಗೆ ಎರಡು ದಿನ ಅದು ದೇವರ ಪಟದ ಹಿಂದೆ ಇತ್ತು. ಪ್ರತಿ ಸಲವೂ ನಾನು ಇವತ್ತು ಕೇಳಬಹುದು, ಇದನ್ನಾದರೂ ಕೇಳಬಹುದು ಎಂದು ಕಾಯುತ್ತಿದ್ದೆ. ಒಮ್ಮೆ ಜಗಳಕ್ಕೂ ನಿಂತೆ. "ಸುಮ್ಮಾ ನಿಂಗ್ಯಾಕೆ ತೊಂದರೆ," ಎಂದಳು. ಮಾತು ಮೃದುವಾಗಿಯೇ ಇತ್ತು, ಅದಕ್ಕೆ ಜಗಳ ಮುಂದುವರಿಸಲು ಆಗಲಿಲ್ಲ.

ಸಿನಿಮಾ ಮುಗಿಯಲು ಇನ್ನೂ ಒಂದೂವರೆ ವರ್ಷ ಹಿಡಿಯಿತು. ನುಂಗಂಬಾಕ್ಕಂನ ಒಂದು ಸಣ್ಣ ಹಾಲಿನಲ್ಲಿ, ಭಾನುವಾರ ಬೆಳಗ್ಗೆ ತೋರಿಸಿದರು. ಮಡಚುವ ಕುರ್ಚಿಗಳು, ಗೋಡೆಗೆ ಕಟ್ಟಿದ ಬಿಳಿ ಪರದೆ. ನಾನು ಕರೆದಿರಲಿಲ್ಲ, ಅಮ್ಮ ತಾನಾಗಿ ಬರುತ್ತೇನೆಂದಳು. ರೇಷ್ಮೆ ಸೀರೆ ಉಟ್ಟು ಬಂದಳು. ಅವಳ ಎಡಕ್ಕೆ ನಾನು, ಬಲಕ್ಕೆ ಯಾರೋ ವಯಸ್ಸಾದ ತಮಿಳು ಹೆಂಗಸು.

ಚಿತ್ರ ಓಡುವಷ್ಟು ಹೊತ್ತು ನಾನು ಪರದೆ ನೋಡಲಿಲ್ಲ. ಪರದೆಯ ಬೆಳಕಿನಲ್ಲಿ ಅಮ್ಮನ ಮುಖ ನೋಡುತ್ತಾ ಕೂತಿದ್ದೆ. ನಾನು ಕಿಟಕಿ ಪಕ್ಕ ನಕ್ಕಾಗ ಅವಳಿಗೂ ಸ್ವಲ್ಪ ನಗು ಬಂತು. ಡೈರಿ ಸ್ಟಾಪಿನ ಗೋಡೆ ಬಂದಾಗ ಮೂಗುತಿ ಮುಟ್ಟಿಕೊಂಡಳು, ಆದರೆ ಕಣ್ಣು ತೆಗೆಯಲಿಲ್ಲ. ಹುಡುಗಿ ಸಿಕ್ಕಳೋ ಇಲ್ಲವೋ ಎಂಬುದನ್ನು ನಮ್ಮ ನಿರ್ದೇಶಕ ಕೊನೆಗೂ ಹೇಳಲಿಲ್ಲ. ಹಾಗೆ ಬಿಡುವುದೇ ಆಗ ದೊಡ್ಡಸ್ತಿಕೆ.

ಪರದೆ ಕಪ್ಪಾಗಿ ತಮಿಳಿನಲ್ಲಿ ಹೆಸರುಗಳು ಮೇಲೇರತೊಡಗಿದವು. ಅಮ್ಮ ಬಲಕ್ಕೆ ವಾಲಿ ಆ ಹೆಂಗಸನ್ನು ಕೇಳಿದಳು, "ಅಂಗ ಎನ್ನಮ್ಮಾ ಎಳುದಿಯಿರುಕ್ಕು?" ಏನು ಬರೆದಿದೆ ಎಂದು. ಅವರು ಒಂದೆರಡು ಹೆಸರು ಓದಿ ಹೇಳಿದರು. ಅಷ್ಟರಲ್ಲಿ ನನ್ನದು ಬಂತು. ನಾನು ಅವಳ ಕಿವಿಯ ಹತ್ತಿರ ಬಾಗಿ, "ಅಮ್ಮ, ಅದೇ, ಮೇಲಿಂದ ಮೂರನೇದು ನನ್ನ ಹೆಸರು," ಎಂದೆ.

ಅಮ್ಮ ನನ್ನ ಕಡೆ ತಿರುಗಲಿಲ್ಲ. ಬಲಗಡೆಯವರ ಕೈ ಮುಟ್ಟಿ, ನನ್ನ ಹೆಸರು ಹೇಳಿ, ಆ ಹೆಸರು ಅಲ್ಲಿದೆಯೇ ಎಂದು ಕೇಳಿದಳು. ಅವರು ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ನೋಡಿ, "ಇರುಕ್ಕುಮ್ಮಾ," ಎಂದರು. ಇದೆ ಎಂದು.

ಆಮೇಲೆ ಅಮ್ಮ ನಂಬಿದಳು.